ಟೆಕ್ಸಾಸಿನ ಗುರಿಯ ಬಯಲಿನಲ್ಲಿ

ಆಸ್ಟಿನ್ ನಗರಕ್ಕೆ ಹೋದವರು ಸಾಮಾನ್ಯವಾಗಿ ನೋಡಿಬರುವ ಸ್ಥಳಗಳು ಮೂರು ನಾಲ್ಕು ಇರುವುವು. ನಸುಗೆಂಪು ಕಲ್ಲಿನಿಂದ ಕಟ್ಟಿ 1888ರಲ್ಲಿ ತೆರೆದ ಶಾಸನಸಭಾ ಭವನವೊಂದು. ಸಂಜೆಯಾಯಿತೆಂದರೆ ಲಕ್ಷಗಟ್ಟಲೆ ಬಾವಲಿಗಳು ಹೊಗೆಯ ಸುರುಳಿಯಂತೆ ಹೊರಹೊಮ್ಮುವ ಸೇತುವೆಯೊಂದು. ವಿಶ್ವವಿದ್ಯಾನಿಲಯದ 307 ಅಡಿಯ ಗೋಪುರವೊಂದು. 2023ನೆಯ ಇಸವಿಯ ವಸಂತದಲ್ಲಿ ಮಗನ ಮನೆಗೆ ಹೋಗಿದ್ದ ನಾವಿಬ್ಬರೂ ಇವನ್ನೆಲ್ಲ ಕ್ರಮವಾಗಿ ನೋಡಿದೆವು. ಇವುಗಳ ವಿಚಾರವಾಗಿ ವಾಚಕರು ಬೇರೆಡೆಗಳಲ್ಲಿ ಬೇಕಾದಷ್ಟು ಓದಿರಬಹುದು. ನಾವು ಈಗ ಬರೆಯಹೊರಟಿರುವುದು ಯಾತ್ರಿಕರಾರೂ ಹುಡುಕಿಕೊಂಡು ಹೋಗದ ಒಂದು ಸ್ಥಳವನ್ನು ಕುರಿತು. ನಾವಾದರೂ ಅಲ್ಲಿಗೆ ಹುಡುಕಿಕೊಂಡು ಹೋದವರಲ್ಲ; ಮಗನೂ ಸೊಸೆಯೂ ಹೊರಟರು, ಅವರ ಹಿಂದೆ ನಾವು ಹೋದೆವು.

ಹೋಗಬೇಕಾಗಿ ಬಂದ ಕಾರಣವನ್ನು ಮೊದಲು ಹೇಳಬೇಕು. ನಮ್ಮ ಸೊಸೆಯು ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವವಳು. ವಾರಕ್ಕೆ ಮೂರು ದಿನ ರಾತ್ರಿಯ ಪಾಳಿ. ಆ ವರ್ಷದ ಜನವರಿಯಲ್ಲಿ ಒಂದು ರಾತ್ರಿ, ಹನ್ನೆರಡು ಹೊಡೆದ ಮೇಲೆ, ಅವಳು ಕೆಲಸ ಮುಗಿಸಿ ಕಾರಿನ ಬಳಿಗೆ ನಡೆದು ಬರುತ್ತಿರುವಾಗ ಯಾರೋ ಒಬ್ಬನು ಹಿಂಬಾಲಿಸಿದನಂತೆ. ಅವಳು ಒಳಗೆ ಕುಳಿತು ಬಾಗಿಲು ಹಾಕಿಕೊಂಡಳು. ಅವನು ಗಾಜನ್ನು ಮುಷ್ಟಿಯಿಂದ ಗುದ್ದಿದನು. ಗಾಜು ಒಡೆಯಲಿಲ್ಲ. ಅವಳು ಕಾರನ್ನು ನಡೆಸಿಕೊಂಡು ಬಂದುಬಿಟ್ಟಳು. ಈ ಸಂಗತಿಯನ್ನು ನಮಗೆ ಎರಡು ತಿಂಗಳವರೆಗೂ ತಿಳಿಸಿರಲಿಲ್ಲ. ನಾವು ಅಲ್ಲಿಗೆ ಹೋದ ವಾರದಲ್ಲಿ, ಊಟದ ಮೇಜಿನ ಬಳಿ, ಮಗನು ಅದನ್ನು ಹೇಳಿ, ಬಟ್ಟೆಯ ಒಳಗೆ ಪಿಸ್ತೂಲನ್ನು ಧರಿಸಿ ಓಡಾಡುವ ಪರವಾನಗಿಗಾಗಿ ತಾವಿಬ್ಬರೂ ಒಂದು ತರಗತಿಗೆ ಸೇರಿರುವೆವೆಂದೂ, ಅದಕ್ಕೆ ಮೊದಲು ಶನಿವಾರ ಗುರಿ ಹೊಡೆಯುವ ಅಭ್ಯಾಸವೆಂದೂ ತಿಳಿಸಿದನು.

ನಮ್ಮಾಕೆಯ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. “ಮಗು ಇರುವ ಮನೆಯಲ್ಲಿ ಕತ್ತರಿಯನ್ನೇ ಅಟ್ಟದ ಮೇಲೆ ಇಡುತ್ತೇವೆ. ಅಂಥಾದ್ದರಲ್ಲಿ ಇದೇನೋ ತರುತ್ತೀಯ?” ಎಂದಳು. ಮಗನು ಉತ್ತರ ಕೊಡಲಿಲ್ಲ. ಐದು ವರ್ಷದ ಮೊಮ್ಮಗನು ಮೇಜಿನ ಕೆಳಗೆ ಆಟದ ಕಾರೊಂದನ್ನು ಓಡಿಸುತ್ತಿದ್ದನು.

ಆ ಪ್ರಾಂತದ ಕಾಯಿದೆಯನ್ನು ನಾವು ಮಗನಿಂದ ಕೇಳಿ ತಿಳಿದುಕೊಂಡೆವು. ನಮಗೆ ಆಶ್ಚರ್ಯವಾದುದೇನೆಂದರೆ, 2021ನೆಯ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಲ್ಲಿ 21 ವರ್ಷ ತುಂಬಿದ, ಕಾಯಿದೆಯ ಬೇರೆ ಅಡ್ಡಿಗಳಿಲ್ಲದ ಯಾರೇ ಆಗಲಿ ಪಿಸ್ತೂಲನ್ನು ಧರಿಸಲು ಪರವಾನಗಿಯೇ ಬೇಕಾಗಿಲ್ಲ. ಹಾಗಿದ್ದ ಮೇಲೆ ತರಗತಿ ಏಕೆ? ಪರವಾನಗಿಯಿದ್ದರೆ ಬೇರೆ ಅನೇಕ ಸಂಸ್ಥಾನಗಳಲ್ಲಿಯೂ ಅದು ಸಲ್ಲುತ್ತದೆ. ಶಾಲೆಯ ಸುತ್ತಲಿನ 1000 ಅಡಿಯೊಳಗೆ ಪಿಸ್ತೂಲು ಇಟ್ಟುಕೊಂಡಿರಬಾರದೆಂಬ ಕೇಂದ್ರದ ಕಾಯಿದೆಯಿಂದಲೂ ವಿನಾಯಿತಿ ದೊರೆಯುತ್ತದೆ. ಇವು ಮಗನ ಕಾರಣಗಳು. ಸೊಸೆಯ ಕಾರಣ ಬೇರೆ. “ಔಷಧದ ಸೀಸೆಯ ಮೇಲಿನ ಚೀಟಿಯನ್ನು ಓದದೆ ನಾನು ಯಾರಿಗೂ ಔಷಧ ಕೊಡುವುದಿಲ್ಲ, ಅತ್ತೆ. ಇದನ್ನು ಮಾತ್ರ ಕಲಿಯದೆ ಮನೆಗೆ ತರುವುದೆ?” ಎಂದು ಅವಳು ಹೇಳಿದಳು. ತಾನು ಅದನ್ನು ಮನೆಗೆ ತರುವುದಕ್ಕೆ ಒಪ್ಪಿದ್ದೇನೆಂದು ಮಾತ್ರ ಅವಳು ಹೇಳಲಿಲ್ಲ. ಅದನ್ನು ನಾವು ಗಮನಿಸಿದೆವು.

ಮೊಮ್ಮಗನನ್ನು ನೆರೆಮನೆಯವರ ಬಳಿ ಬಿಟ್ಟು, ಬೆಳಗ್ಗೆ ಎಂಟು ಗಂಟೆಗೆ ಹೊರಟೆವು. ನಗರವನ್ನು ದಾಟಿ ಪಶ್ಚಿಮಕ್ಕೆ ಹೋದಂತೆ ನೆಲವು ಏರಿಳಿಯಲಾರಂಭಿಸುತ್ತದೆ. ಅದನ್ನು ಅಲ್ಲಿಯವರು ಹಿಲ್ ಕಂಟ್ರಿ ಎಂದು ಕರೆಯುವರು. ಗುಡ್ಡಗಳೆಂದರೆ ನಮ್ಮ ಮಲೆನಾಡಿನ ಗುಡ್ಡಗಳಂತಲ್ಲ. ಸುಣ್ಣಕಲ್ಲಿನ ಪದರಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವ, ಕುರುಚಲು ಮರಗಳ ಒಣ ಗುಡ್ಡಗಳು. ಚಿತ್ರದುರ್ಗದ ಕಡೆಯ ಬಯಲನ್ನು ಬಿಳಿಯ ಕಲ್ಲಿನಿಂದ ಮಾಡಿದಂತೆ ನಮಗೆ ತೋರಿತು. ಆದರೆ ಅದು ಏಪ್ರಿಲ್ ಮೊದಲ ವಾರವಾದುದರಿಂದ ರಸ್ತೆಯ ಎರಡು ಮಗ್ಗುಲಲ್ಲಿಯೂ ಆ ಪ್ರಾಂತದ ಹೂವೆನಿಸಿದ ಬ್ಲೂಬಾನೆಟ್ ಅರಳಿದ್ದಿತು. ಗೇಣೆತ್ತರದ ಗಿಡಗಳ ಮೇಲೆ ದಟ್ಟ ನೀಲಿಯ ಹೂಗೊಂಚಲು. ಕಾರುಗಳನ್ನು ನಿಲ್ಲಿಸಿ ಮಕ್ಕಳನ್ನು ಆ ಹೂಗಳ ನಡುವೆ ಕುಳ್ಳಿರಿಸಿ ಚಿತ್ರ ತೆಗೆದುಕೊಳ್ಳುವವರು ಅಲ್ಲಲ್ಲಿ ಕಂಡರು. ನಮ್ಮಾಕೆ ಅವರನ್ನೇ ನೋಡುತ್ತ ಕುಳಿತಿದ್ದಳು.

ದಾರಿಯಲ್ಲಿ ಮಗನು ತಾಯಿಯ ಮನಸ್ಸನ್ನು ತಿರುಗಿಸಲೋ ಏನೋ, ಆ ಕಾಯಿದೆ ಹುಟ್ಟಿದ ಕತೆಯನ್ನು ಹೇಳಿದನು. ಆಸ್ಟಿನ್ನಿಗೆ ಉತ್ತರದಲ್ಲಿ ಸುಮಾರು 70 ಮೈಲಿ ದೂರದಲ್ಲಿ ಕಿಲೀನ್ ಎಂಬ ಊರಿದೆ. 1991ನೆಯ ಅಕ್ಟೋಬರ್ 16ರಂದು ಒಬ್ಬನು ಅಲ್ಲಿಯ ಭೋಜನಶಾಲೆಯ ಗಾಜಿನ ಗೋಡೆಯನ್ನು ತನ್ನ ಗಾಡಿಯಿಂದ ಒಡೆದು ಒಳನುಗ್ಗಿ, 23 ಜನರನ್ನು ಗುಂಡಿಟ್ಟು ಕೊಂದನು. ತಂದೆತಾಯಿಗಳೊಡನೆ ಅಲ್ಲಿ ಊಟಕ್ಕೆ ಕುಳಿತಿದ್ದ ಸುಜಾನಾ ಹಪ್ ಎಂಬ ಮಹಿಳೆಯ ಬಳಿ ಪಿಸ್ತೂಲೊಂದು ಇದ್ದಿತು. ಆದರೆ ಅದನ್ನು ಧರಿಸುವುದು ಆಗ ಕಾಯಿದೆಗೆ ವಿರುದ್ಧವಾದುದರಿಂದ ಆಕೆ ಅದನ್ನು ಕಾರಿನಲ್ಲಿಯೇ ಬಿಟ್ಟುಬಂದಿದ್ದರು. ತಂದೆಯೂ ತಾಯಿಯೂ ಅಂದು ಅಲ್ಲಿಯೇ ಹೋದರು. ಆಕೆ ಆಮೇಲೆ ಊರೂರಿಗೆ ಹೋಗಿ ಸಾಕ್ಷ್ಯ ಹೇಳಿದರು. 1995ರಲ್ಲಿ ಪರವಾನಗಿಯ ಕಾಯಿದೆಯಾಯಿತು; ಮರುವರ್ಷ ಅದು ಜಾರಿಗೆ ಬಂದಿತು; ಅದೇ ವರ್ಷ ಆಕೆಯೂ ಶಾಸನಸಭೆಗೆ ಆಯ್ಕೆಯಾದರು.

ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ನಮ್ಮಾಕೆ, “ಪಾಪ, ಆ ಹೆಣ್ಣುಮಗಳು” ಎಂದಳು. ಮಗನು ಗೆದ್ದೆನೆಂದುಕೊಂಡನು. ಆದರೆ ಅವಳು ಹಿಂದಿನ ದಿನ ನೋಡಿದ ಗೋಪುರವನ್ನು ಮರೆತಿರಲಿಲ್ಲ.

ಆ ಗೋಪುರದ ಮೇಲಿನಿಂದಲೇ 1966ನೆಯ ಆಗಸ್ಟ್ 1ರಂದು ಒಬ್ಬ ವಿದ್ಯಾರ್ಥಿಯು ಕೆಳಗೆ ಹೋಗುತ್ತಿದ್ದವರ ಮೇಲೆ ಒಂದೂವರೆ ಗಂಟೆಯ ಕಾಲ ಗುಂಡು ಹಾರಿಸಿದ್ದನು. ಊರಿನ ಜನರು ತಮ್ಮ ತಮ್ಮ ಬಂದೂಕುಗಳನ್ನು ತಂದು ಕೆಳಗಿನಿಂದ ಮೇಲಕ್ಕೆ ಹಾರಿಸಿದರು. ಅದರಿಂದ ಕೊಲೆಗಾರನು ತಲೆಯೆತ್ತದಂತಾಯಿತೆಂದು ಕೆಲವರೂ, ಅವನನ್ನು ಹಿಡಿಯಲು ಮೇಲೆ ಹತ್ತಿದ ಪೋಲೀಸರಿಗೇ ಆ ಗುಂಡುಗಳಿಂದ ಅಪಾಯವಾಯಿತೆಂದು ಕೆಲವರೂ ಇಂದಿಗೂ ವಾದಿಸುವರು. ಸರಿಯಾಗಿ ಐವತ್ತು ವರ್ಷಗಳಾದ ಮೇಲೆ, 2016ನೆಯ ಆಗಸ್ಟ್ 1ರಂದೇ, ಪರವಾನಗಿಯುಳ್ಳವರು ಆ ವಿದ್ಯಾನಿಲಯದ ಕಟ್ಟಡಗಳೊಳಗೂ ಪಿಸ್ತೂಲನ್ನು ಮರೆಯಾಗಿ ಧರಿಸಿಕೊಂಡು ಹೋಗಬಹುದೆಂಬ ಕಾಯಿದೆಯು ಜಾರಿಗೆ ಬಂದಿತು. “ಒಂದು ಕತೆ ಹೇಳಿ ಒಪ್ಪಿಸಬೇಡವೋ. ಇನ್ನೊಂದು ಕತೆಯೂ ಈ ಊರಲ್ಲೇ ಇದೆ” ಎಂದು ನಮ್ಮಾಕೆ ಹೇಳಿದಳು. ಸೊಸೆ ಕಿಟಕಿಯ ಕಡೆಗೆ ತಿರುಗಿ ನಕ್ಕಳು.

ಗುರಿಯ ಬಯಲು ಎಂಬುದು ಗುಡ್ಡದ ಮಗ್ಗುಲನ್ನು ಅಗೆದು ಮಾಡಿದ ಒಂದು ಉದ್ದವಾದ ಅಂಗಳ. ಮೂರು ಕಡೆಗಳಲ್ಲಿಯೂ ಎರಡಾಳೆತ್ತರದ ಮಣ್ಣಿನ ಒಡ್ಡು. ತೆರೆದ ಕಡೆಯಲ್ಲಿ ತಗಡಿನ ಚಪ್ಪರ. ಅದರ ಕೆಳಗೆ ಮರದ ಮೇಜುಗಳು. ನೆಲದ ಮೇಲೆ ಅಡ್ಡಲಾಗಿ ಬಳಿದ ಒಂದು ಹಳದಿ ಗೆರೆ. ಗೆರೆಯ ಆಚೆ ಹೊಡೆಯುವವರು, ಈಚೆ ನೋಡುವವರು. ಬಾಗಿಲಿನಲ್ಲಿ ಕುಳಿತಿದ್ದ ಮನುಷ್ಯನು ನಾಲ್ವರ ಗುರುತಿನ ಪತ್ರಗಳನ್ನೂ ನೋಡಿದನು. ಮಗನೂ ಸೊಸೆಯೂ ಆ ದೇಶದ ಪ್ರಜೆಗಳಾಗಿರುವುದರಿಂದ ಅವರಿಗೆ ತಡೆಯಿಲ್ಲ. ನಾವು ಸಂದರ್ಶಕರ ವೀಸಾದ ಮೇಲೆ ಹೋದವರು. ಅಂಥವರು ಬೇಟೆಯ ಪರವಾನಗಿ ಮೊದಲಾದ ಕೆಲವು ವಿನಾಯಿತಿಗಳಿದ್ದ ಹೊರತು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳಕೂಡದೆಂದು ಅಮೆರಿಕದ ಕೇಂದ್ರ ಕಾಯಿದೆ ವಿಧಿಸುತ್ತದೆ. ನಮಗೆ ಕಿವಿ ಮುಚ್ಚುವ ಬಟ್ಟಲುಗಳನ್ನೂ ಕನ್ನಡಕಗಳನ್ನೂ ಕೊಟ್ಟು, ಗೆರೆಯ ಈಚೆಗಿನ ಬೆಂಚಿನ ಮೇಲೆ ಕೂರಿಸಿದರು.

ಉಪಾಧ್ಯಾಯಿನಿಯು ಅರುವತ್ತು ದಾಟಿದ, ತಲೆಯೆಲ್ಲ ಬೆಳ್ಳಗಾದ ಹೆಂಗಸು. ನಮ್ಮೂರಿನ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯರ ಗಂಟಲು ಆಕೆಗಿದ್ದಿತು. ಮೊದಲ ಅರ್ಧ ಗಂಟೆ ಆಕೆ ಪಿಸ್ತೂಲನ್ನು ಕೈಗೆ ಕೊಡಲೇ ಇಲ್ಲ. ನಾಲ್ಕು ನಿಯಮಗಳನ್ನು ಇಬ್ಬರ ಬಾಯಿಂದಲೂ ಹೇಳಿಸಿದಳು. ಪ್ರತಿಯೊಂದು ಪಿಸ್ತೂಲಿನಲ್ಲಿಯೂ ಗುಂಡು ತುಂಬಿದೆಯೆಂದೇ ತಿಳಿಯತಕ್ಕದ್ದು. ನಾಶವಾದರೂ ಸರಿಯೆಂದು ಒಪ್ಪದ ಯಾವುದರ ಕಡೆಗೂ ನಳಿಗೆಯ ಬಾಯನ್ನು ತಿರುಗಿಸಬಾರದು. ಗುರಿಯ ಮೇಲೆ ಕಣ್ಣು ನಿಲ್ಲುವವರೆಗೆ ಬೆರಳು ಟ್ರಿಗರನ್ನು ಸೋಕಬಾರದು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದನ್ನು ತಿಳಿದಿರಬೇಕು. ಜೆಫ್ ಕೂಪರ್ ಎಂಬ ಹಳೆಯ ಸೈನಿಕರು ರೂಢಿಗೆ ತಂದ ನಿಯಮಗಳಿವು. ಸೊಸೆಯು ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದಳು. ಮಗನು ಮೂರನೆಯದನ್ನು ಮರೆತನು.

ಪರೀಕ್ಷೆಯಲ್ಲಿ 50 ಗುಂಡುಗಳು. 3 ಗಜ ದೂರದಿಂದ 20, 7 ಗಜದಿಂದ 20, 15 ಗಜದಿಂದ 10. ಒಂದು ಗುಂಡಿಗೆ ಹೆಚ್ಚೆಂದರೆ 5 ಅಂಕ. 250ಕ್ಕೆ 175 ಬಂದರೆ ತೇರ್ಗಡೆ. ಗುರಿಯೆಂದರೆ ಕಾಗದದ ಮೇಲೆ ಅಚ್ಚು ಹಾಕಿದ, ಸೊಂಟದಿಂದ ಮೇಲಿನ ಕಪ್ಪು ಮನುಷ್ಯಾಕಾರ. ಮೂರು ಗಜವೆಂದರೆ ನಮ್ಮ ಮನೆಯ ಪಡಸಾಲೆಯ ಅಗಲವೂ ಆಗಲಾರದು. ಅಷ್ಟು ಹತ್ತಿರದಲ್ಲಿ ಆ ಕಪ್ಪು ಮನುಷ್ಯನು ನಿಂತುದನ್ನು ನೋಡಿ ನಮಗೆ ಏಕೋ ಆ ರಾತ್ರಿಯ ಕಾರಿನ ಗಾಜಿನ ನೆನಪಾಯಿತು. ಸೊಸೆಗೂ ಆಗಿರಬೇಕು. ಅವಳು ಪಿಸ್ತೂಲನ್ನು ಕೈಗೆ ತೆಗೆದುಕೊಂಡವಳು ಅದನ್ನು ಮತ್ತೆ ಮೇಜಿನ ಮೇಲೆ ಇಟ್ಟು, ಒಂದು ನಿಮಿಷ ಸುಮ್ಮನೆ ನಿಂತಳು. ಉಪಾಧ್ಯಾಯಿನಿ ಅವಸರ ಮಾಡಲಿಲ್ಲ.

ಶಬ್ದದ ವಿಚಾರ ಹೇಳಲೇಬೇಕು. ದೀಪಾವಳಿಯ ಪಟಾಕಿಯಂತೆ ಇರಬಹುದೆಂದು ನಾವು ಭಾವಿಸಿದ್ದೆವು. ಹಾಗಲ್ಲ. ಕಿವಿ ಮುಚ್ಚಿದ್ದರೂ ಅದು ಎದೆಗೂಡಿಗೆ ಬಂದು ತಟ್ಟುತ್ತದೆ. ಮೊದಲ ಗುಂಡಿಗೆ ನಮ್ಮಾಕೆ ನಮ್ಮ ತೋಳನ್ನು ಹಿಡಿದವಳು ಐವತ್ತನೆಯದರವರೆಗೂ ಬಿಡಲಿಲ್ಲ.

ಮಗನ ಕಷ್ಟವು ನೋಡುವುದಕ್ಕೆ ಕನಿಕರ ಹುಟ್ಟಿಸುವಂತಿದ್ದಿತು. ಎರಡನೆಯ ಸರದಿಯಲ್ಲಿಯೇ ಅವನು ಎಡಗೈಯ ಹೆಬ್ಬೆರಳನ್ನು ಪಿಸ್ತೂಲಿನ ಹಿಂಭಾಗದ ಮೇಲೆ ಅಡ್ಡಲಾಗಿ ಇಟ್ಟನು. ಗುಂಡು ಹಾರಿದಾಗ ಮೇಲಿನ ಉಕ್ಕಿನ ಭಾಗವು ರಭಸದಿಂದ ಹಿಂದಕ್ಕೆ ಜಾರುವುದು. ಅದು ಹೆಬ್ಬೆರಳ ಬುಡದ ಚರ್ಮವನ್ನು ಸೀಳಿತು. ರಕ್ತ ಬಂದಿತು. ನಮ್ಮಾಕೆ ಎದ್ದು ಓಡಲು ಹೊರಟಳು. ಹಳದಿ ಗೆರೆಯ ಬಳಿ ಅವಳನ್ನು ತಡೆದರು. ಪಟ್ಟಿ ಕಟ್ಟಿದ್ದು ಸೊಸೆ. ಅನಂತರ ಅವನ ಗುಂಡುಗಳೆಲ್ಲ ಕೆಳಕ್ಕೆ, ಎಡಕ್ಕೆ ಬೀಳಲಾರಂಭಿಸಿದುವು. ಉಪಾಧ್ಯಾಯಿನಿಯು ಒಂದು ಉಪಾಯ ಮಾಡಿದಳು. ಅವನು ನೋಡದಂತೆ, ನಿಜವಾದ ತೋಟಾಗಳ ನಡುವೆ ಒಂದೆರಡು ಪೊಳ್ಳು ತೋಟಾಗಳನ್ನು ಸೇರಿಸಿ ತುಂಬಿ ಕೊಟ್ಟಳು. ಅವನು ಟ್ರಿಗರನ್ನು ಎಳೆದನು, ಶಬ್ದವಾಗಲಿಲ್ಲ, ಆದರೂ ಪಿಸ್ತೂಲಿನ ಮೂಗು ಮಾತ್ರ ಪಟ್ಟನೆ ಕೆಳಕ್ಕೆ ಕುಕ್ಕಿತು. ಬರಲಿರುವ ಶಬ್ದಕ್ಕೆ ಕೈಯು ಮೊದಲೇ ಹೆದರಿ ತಗ್ಗುತ್ತಿದ್ದಿತೆಂಬುದು ಎಲ್ಲರಿಗೂ ಕಂಡಿತು. ಇದು ಹೊಸಬರಿಗೆಲ್ಲ ಬರುವ ರೋಗವಂತೆ. ಅವನು ನಾಚಿಕೊಂಡನು. ಮೊದಲ ಲೆಕ್ಕದಲ್ಲಿ ಅವನಿಗೆ ಬಂದುದು 168; ಎರಡನೆಯದರಲ್ಲಿ 209. ಸೊಸೆಗೆ ಮೊದಲ ಬಾರಿಗೇ 241. ಮಾತ್ರೆಗಳನ್ನು ಎಣಿಸುವವಳಂತೆ ಅವಳು ಒಂದೊಂದನ್ನೂ ಸಮಾಧಾನದಿಂದ ಹೊಡೆದಳು. ಮುಗಿದ ಮೇಲೆ ಅವಳ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ.

ನಾವು ಹಿಂದೆ ಕೆಲವು ವರ್ಷ ಮಡಿಕೇರಿಯಲ್ಲಿ ಇದ್ದುದರಿಂದ ಕೋವಿಗಳು ನಮಗೆ ತೀರ ಅಪರಿಚಿತವಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿಷಯದಲ್ಲಿ ಹಿಂದಿನಿಂದ ಬಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ತೊಳೆದು, ಒರೆಸಿ, ತೋಕ್ ಪೂ ಎಂಬ ಕೆಂಪು ಹಳದಿ ಹೂವನ್ನು ಸಿಕ್ಕಿಸಿ ಪೂಜಿಸುವರು. ಊಟವಾದ ಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವರು. ಅಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೇಳಿದವರಿಗೆಲ್ಲ ಮನೆಯ ಸುದ್ದಿ ತಿಳಿಯುತ್ತದೆ. ಆ ಕೋವಿಯು ಆಳೆತ್ತರದ್ದು, ಎಲ್ಲರಿಗೂ ಕಾಣುವಂಥದು. ಇಲ್ಲಿಯದು ಅಂಗೈಯಗಲದ್ದು, ಕಾಣದಿರುವುದೇ ಅದರ ಗುಣ. ಅಂಗಿಯ ಕೆಳಗೆ ಸೊಂಟದ ಒರೆಯಲ್ಲಿ ಅದನ್ನು ಹೇಗೆ ಇಡಬೇಕೆಂಬುದನ್ನು ಉಪಾಧ್ಯಾಯಿನಿಯು ಕೊನೆಯಲ್ಲಿ ಖಾಲಿ ಪಿಸ್ತೂಲಿನಿಂದ ತೋರಿಸಿದಳು. ಸೊಸೆಯು ತೊಟ್ಟಿದ್ದ ಉದ್ದನೆಯ ಕುರ್ತಾದ ಅಂಚು ಎರಡು ಬಾರಿ ಹಿಡಿಗೆ ಸಿಕ್ಕಿಕೊಂಡಿತು. ಸೀರೆಯಲ್ಲಿ ಇದು ಸಾಧ್ಯವೇ ಎಂದು ನಮ್ಮಾಕೆ ಸೊಸೆಯ ಮೂಲಕ ಕೇಳಿಸಿದಳು. ಆ ಪ್ರಶ್ನೆಯನ್ನು ತನ್ನ ಆಯುಸ್ಸಿನಲ್ಲಿ ಯಾರೂ ಕೇಳಿಲ್ಲವೆಂದು ಆಕೆ ಮನಸಾರೆ ನಕ್ಕಳು.

ಹೊರಡುವಾಗ ನಮ್ಮಿಂದ ಒಂದು ತಪ್ಪಾಯಿತು. ಹಾರಿದ ತೋಟಾಗಳ ಹಿತ್ತಾಳೆಯ ಚಿಪ್ಪುಗಳು ಬೆಂಚಿನವರೆಗೂ ಸಿಡಿದು ಬಿದ್ದಿದ್ದುವು. ಬಿಸಿಲಿನಲ್ಲಿ ಹೊಳೆಯುತ್ತಿದ್ದ ಒಂದನ್ನು ಮೊಮ್ಮಗನ ಆಟಕ್ಕೆಂದು ನಾವು ಎತ್ತಿ ಜೇಬಿಗೆ ಹಾಕಿಕೊಂಡೆವು. ಸೊಸೆ ನೋಡಿದಳು. “ಅದನ್ನು ಕೆಳಗೆ ಹಾಕಿಬಿಡಿ, ಮಾವ” ಎಂದು ಮೆಲ್ಲಗೆ ಹೇಳಿದಳು. ಆ ಕಾಯಿದೆಯು ಬರಿಯ ಚಿಪ್ಪನ್ನೂ ಮದ್ದುಗುಂಡಿನೊಳಗೇ ಎಣಿಸುತ್ತದೆಯಂತೆ. ಅದಲ್ಲದೆ ಅದಕ್ಕೆ ಸೀಸದ ಪುಡಿ ಅಂಟಿರುವುದರಿಂದ ಮಕ್ಕಳ ಕೈಗೆ ಕೊಡಬಾರದು. ಅವರಿಬ್ಬರೂ ತಣ್ಣೀರಿನಲ್ಲಿ ಸಾಬೂನು ಹಾಕಿ ಮೊಳಕೈವರೆಗೆ ಕೈ ತೊಳೆದುಕೊಂಡರು, ನಮ್ಮಿಂದಲೂ ತೊಳೆಸಿದಳು. ಮನೆಗೆ ಬಂದ ಮೇಲೆ ಬಟ್ಟೆ ಬದಲಾಯಿಸುವವರೆಗೆ ಮಗುವನ್ನು ಎತ್ತಿಕೊಳ್ಳಲಿಲ್ಲ. ಸ್ನಾನವಾಗದೆ ಅಡಿಗೆಮನೆಗೆ ಬಾರದ ನಮ್ಮ ಹಿರಿಯರ ಮಡಿಯೇ ಇದಕ್ಕಿಂತ ಸಡಿಲವಾಗಿದ್ದಿತೆಂದು ನಮಗೆ ಅನಿಸಿತು.

ಹಿಂದಿರುಗುವ ದಾರಿಯಲ್ಲಿ ಮೊದಲು ಮಾತೆತ್ತಿದವಳು ಸೊಸೆಯೇ. 2021ರಲ್ಲಿ ಆ ದೇಶದಲ್ಲಿ ಗುಂಡಿನಿಂದ ಸತ್ತವರು 48,830 ಜನರೆಂದೂ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮನ್ನು ತಾವೇ ಕೊಂದುಕೊಂಡವರೆಂದೂ ಅವಳು ಹೇಳಿದಳು. ಆಸ್ಪತ್ರೆಯಲ್ಲಿರುವವಳು, ಲೆಕ್ಕಗಳು ಅವಳಿಗೆ ಗೊತ್ತು. “ಹೊರಗಿನವನು ಒಂದು ರಾತ್ರಿ ಬಂದ. ಇದು ಮನೆಯಲ್ಲಿ ಎಲ್ಲಾ ರಾತ್ರಿಯೂ ಇರುತ್ತದೆ” ಎಂದಳು. ಮಗನು, “ಹಾಗಾದರೆ ಬೇಡವೆ?” ಎಂದನು. “ಬೇಡವೆಂದು ನಾನು ಹೇಳಲಿಲ್ಲ. ಆ ಕಾರಿನೊಳಗೆ ಕುಳಿತಿದ್ದವಳು ನಾನು” ಎಂದು ಅವಳು ಉತ್ತರವಿತ್ತಳು. ಅವಳು ಹೇಳಿದುದಕ್ಕೆ ಎದುರಾಡುವ ಧೈರ್ಯವು ನಮ್ಮ ಮೂವರಲ್ಲಿ ಯಾರಿಗೂ ಬರಲಿಲ್ಲ. ಕೊನೆಗೆ, ಪಿಸ್ತೂಲಿನ ಮಾತು ಆಮೇಲೆ, ಪೆಟ್ಟಿಗೆ ಮೊದಲು, ಎಂಬಲ್ಲಿಗೆ ಒಪ್ಪಂದವಾಯಿತು. ಪರವಾನಗಿಯ ಪಾಠಗಳಲ್ಲಿಯೂ ಕಾಯಿದೆ, ಸುರಕ್ಷತೆ, ಜಗಳವನ್ನು ಶಾಂತಿಯಿಂದ ಮುಗಿಸುವ ರೀತಿ ಇವುಗಳ ಜೊತೆಗೆ, ಮಕ್ಕಳಿಗೆ ಅಪಾಯವಾಗದಂತೆ ಪಿಸ್ತೂಲನ್ನು ಇಡುವ ಕ್ರಮವನ್ನು ಹೇಳಿಕೊಡಬೇಕೆಂದು ಶಾಸನದಲ್ಲಿಯೇ ಬರೆದಿದೆ. ಅಲಕ್ಷ್ಯದಿಂದ ಇಟ್ಟ ಪಿಸ್ತೂಲು 17 ವರ್ಷದೊಳಗಿನವರ ಕೈಗೆ ಸಿಕ್ಕಿದರೆ ಇಟ್ಟವರಿಗೆ ಶಿಕ್ಷೆಯುಂಟು.

ಮಂಗಳವಾರ ಉಕ್ಕಿನ ಪೆಟ್ಟಿಗೆ ಬಂದಿತು. ಎರಡು ಗೇಣು ಉದ್ದ. ಮೇಲೆ ಅಂಕೆಗಳ ಗುಂಡಿಗಳು. ಮಗನು ಅದನ್ನು ಮಲಗುವ ಕೋಣೆಯ ಗೋಡೆಯೊಳಗಿನ ಬೀರುವಿನಲ್ಲಿ ಮೊಳೆ ಬಿಗಿದು ಕೂರಿಸಿ, ತನಗೆ ಮರೆಯದಿರಲೆಂದು ಮಗುವಿನ ಹುಟ್ಟಿದ ದಿನ ಮತ್ತು ತಿಂಗಳನ್ನೇ ಗುಪ್ತಸಂಖ್ಯೆಯಾಗಿ ಇಟ್ಟನು. ಒಳಗೆ ಏನೂ ಇರಲಿಲ್ಲ. ಶನಿವಾರ ಇಬ್ಬರೂ ತರಗತಿಗೆ ಹೋಗಿ, ಪಾಠವನ್ನೂ ಗುರಿಯನ್ನೂ ಮುಗಿಸಿ, ತೇರ್ಗಡೆಯಾಗಿ ಬಂದರು. ಮಗನಿಗೆ 214 ಬಂದಿದ್ದಿತು. ಪಟ್ಟಿ ಕಟ್ಟಿದ್ದ ಬೆರಳನ್ನು ಎತ್ತಿ ತೋರಿಸಿ ತಾಯಿಯ ಕಡೆಗೆ ನಕ್ಕನು.

ಆ ರಾತ್ರಿ ಸೊಸೆಯು ಬಟ್ಟೆ ಇಡಲು ಬೀರುವನ್ನು ತೆರೆದಾಗ ಪೆಟ್ಟಿಗೆಯ ಬಾಗಿಲು ತೆರೆದಿದ್ದಿತು. ಅವಳು ನಮ್ಮೆಲ್ಲರನ್ನೂ ಕರೆದಳು. ಪೆಟ್ಟಿಗೆಯ ಒಳಗೆ, ನಡುವೆ, ನೇರವಾಗಿ ನಿಲ್ಲಿಸಿದ ಕೆಂಪು ಬಣ್ಣದ ಆಟದ ಕಾರೊಂದು ಇದ್ದಿತು. ಮೊಮ್ಮಗನನ್ನು ಕೇಳಿದುದಕ್ಕೆ, ಅದು ತನ್ನ ಕಾರಿನ ಮನೆಯೆಂದನು. ಗುಂಡಿಗಳನ್ನು ಹೇಗೆ ಒತ್ತಿದೆಯೆಂದು ಕೇಳಿದುದಕ್ಕೆ ಅಜ್ಜಿಯ ಮುಖವನ್ನು ನೋಡಿದನು. ಎರಡು ವಾರಗಳಿಂದ ನಮ್ಮಾಕೆ ಅವನಿಗೆ ಕನ್ನಡದಲ್ಲಿ ಎಣಿಸುವುದನ್ನು ಕಲಿಸುತ್ತ, ಅವನ ಹುಟ್ಟಿದ ದಿನವನ್ನೇ ಬಾಯಿಪಾಠ ಮಾಡಿಸಿದ್ದಳು. ಅವನಿಗೆ ಬರುತ್ತಿದ್ದುದು ಅದೊಂದೇ ಸಂಖ್ಯೆ, ಅದನ್ನೇ ಒತ್ತಿದ್ದನು.

ಮಗನು ಬಹಳ ಹೊತ್ತು ಆ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕುಳಿತಿದ್ದನು. ಆಮೇಲೆ ಹೊಸ ಸಂಖ್ಯೆಯನ್ನು ಹಾಕಿದನು. ಅದು ಯಾವುದೆಂದು ನಮಗೂ ಹೇಳಲಿಲ್ಲ. ಮೇ ತಿಂಗಳ ಕೊನೆಯಲ್ಲಿ ನಾವು ಬೆಂಗಳೂರಿಗೆ ವಿಮಾನ ಹತ್ತುವಾಗ ಪರವಾನಗಿಗಳೆರಡೂ ಅಂಚೆಯಲ್ಲಿ ಬಂದಿದ್ದುವು. ಪಿಸ್ತೂಲನ್ನು ಇನ್ನೂ ಕೊಂಡಿರಲಿಲ್ಲ. ಪೆಟ್ಟಿಗೆಯೊಳಗೆ ಕೆಂಪು ಕಾರು ಹಾಗೆಯೇ ಇದ್ದಿತು. ಅದನ್ನು ತೆಗೆದುಕೊಡೆಂದು ಮೊಮ್ಮಗನು ವಿಮಾನ ನಿಲ್ದಾಣದವರೆಗೂ ಹಟ ಮಾಡುತ್ತ ಬಂದನು.